ಲಿಪಿಕಾರರ ಶತಮಾನಗಳು

ಕ್ರಿ.ಶ. 408ರಲ್ಲಿ ವಿಸಿಗಾಥರ ದೊರೆಯಾದ ಆಲರಿಕನು ರೋಮ್ ನಗರವನ್ನು ಮುತ್ತಿ, ಟೈಬರ್ ನದಿಯ ಮೂಲಕ ಒಳಗೆ ಬರುತ್ತಿದ್ದ ಧಾನ್ಯವನ್ನು ತಡೆದು, ನಗರವಾಸಿಗಳು ಹಸಿವಿನಿಂದ ಕಂಗೆಟ್ಟು ಸಂಧಿಗೆ ಬಂದಾಗ, ಮುತ್ತಿಗೆಯನ್ನು ತೆಗೆಯಬೇಕಾದರೆ ತನಗೆ ಸಲ್ಲತಕ್ಕ ಕಪ್ಪವಿಷ್ಟೆಂದು ಒಂದೊಂದಾಗಿ ಎಣಿಸಿ ಹೇಳಿದನು: 5,000 ಪೌಂಡು ಚಿನ್ನ, 30,000 ಪೌಂಡು ಬೆಳ್ಳಿ, 4,000 ರೇಷ್ಮೆಯ ಅಂಗಿಗಳು, ಕಡುಗೆಂಪು ಬಣ್ಣವೇರಿಸಿದ 3,000 ತೊಗಲುಗಳು, ಅವುಗಳೊಂದಿಗೆ 3,000 ಪೌಂಡು ಕರಿಮೆಣಸು. ಪಶ್ಚಿಮಘಟ್ಟಗಳ ತಪ್ಪಲಿನ ಬಳ್ಳಿಗಳಲ್ಲಿ ಬಲಿತು, ಮಲೆಯಾಳದ ರೇವುಗಳಲ್ಲಿ ಹಡಗೇರಿ, ಕೆಂಪು ಸಮುದ್ರವನ್ನೂ ಈಜಿಪ್ಟಿನ ಮರಳನ್ನೂ ದಾಟಿ ಬಂದ ಆ ಮೆಣಸು, ಡಾನ್ಯೂಬ್ ನದಿಯ ಆಚೆಯಿಂದ ಬಂದ ಜನಾಂಗವೊಂದರ ನಾಯಕನಿಗೂ ಚಿನ್ನದ ಜೊತೆಯಲ್ಲಿ ಕೇಳುವಷ್ಟು ಪ್ರಿಯವಾಗಿದ್ದಿತೆಂದರೆ, ಅಂದಿನ ರೋಮಕ ಪ್ರಪಂಚವು ಎಷ್ಟು ದೂರದವರೆಗೆ ಕೈಚಾಚಿದ್ದಿತೆಂಬುದನ್ನು ಊಹಿಸಬಹುದು. ಕಪ್ಪವನ್ನು ತೀರಿಸಲು ರೋಮಿನವರು ದೇವಾಲಯಗಳ ಆಭರಣಗಳನ್ನು ಕಿತ್ತುದಲ್ಲದೆ ಶೌರ್ಯದೇವತೆಯ ವಿಗ್ರಹವನ್ನೂ ಕರಗಿಸಬೇಕಾಯಿತು. ಅದೂ ಸಾಲದೆ, ಎರಡು ವರ್ಷ ಕಳೆಯುವಷ್ಟರಲ್ಲಿ, 410ರ ಆಗಸ್ಟ್ ತಿಂಗಳಲ್ಲಿ, ಅದೇ ಆಲರಿಕನ ಸೈನ್ಯವು ನಗರದೊಳಕ್ಕೆ ನುಗ್ಗಿ ಮೂರು ದಿನಗಳ ಕಾಲ ಅದನ್ನು ಸೂರೆಮಾಡಿತು.

ಇಲ್ಲಿಂದ ಮುಂದಿನ ನಾಲ್ಕು ಶತಮಾನಗಳನ್ನು ಯೂರೋಪಿನ ಇತಿಹಾಸಗ್ರಂಥಗಳು ಕೆಲವು ವರ್ಷಸಂಖ್ಯೆಗಳ ಮೂಲಕ ನಮಗೆ ಪರಿಚಯ ಮಾಡಿಕೊಡುವುದು ವಾಡಿಕೆ. 476ರಲ್ಲಿ ಓಡೋವಾಕರನೆಂಬ ಸೇನಾನಿಯು ರೋಮುಲಸ್ ಆಗಸ್ಟ್ಯುಲಸನೆಂಬ ಬಾಲಚಕ್ರವರ್ತಿಯನ್ನು ಪಟ್ಟದಿಂದ ಇಳಿಸಿ, ಪ್ರಾಣಹಾನಿ ಮಾಡದೆ, ವರ್ಷಕ್ಕೆ 6,000 ಹೊನ್ನಿನ ವರ್ಷಾಶನವನ್ನು ಗೊತ್ತುಪಡಿಸಿ ಕಂಪಾನಿಯಾ ಪ್ರಾಂತಕ್ಕೆ ಕಳುಹಿಸಿಬಿಟ್ಟನು. ಪಶ್ಚಿಮಕ್ಕೆ ಬೇರೊಬ್ಬ ಚಕ್ರವರ್ತಿ ಬೇಕಿಲ್ಲವೆಂದು ಹೇಳಿಸಿ ರಾಜಚಿಹ್ನೆಗಳನ್ನು ಕಾನ್‌ಸ್ಟಾಂಟಿನೋಪಲಿಗೆ ಒಪ್ಪಿಸಿದನು. ಗಾಲ್ ದೇಶದಲ್ಲಿ ಫ್ರಾಂಕರ ದೊರೆ ಕ್ಲೋವಿಸನು 486ರಲ್ಲಿ ಸ್ವಾಸೊನ್ ಎಂಬಲ್ಲಿ ರೋಮಕರ ಕಡೆಯ ಅಧಿಕಾರಿಯನ್ನು ಸೋಲಿಸಿ, ಅನಂತರ ರೀಮ್ಸ್ ನಗರದಲ್ಲಿ ಕ್ರೈಸ್ತದೀಕ್ಷೆ ಪಡೆದನು. 711ರಲ್ಲಿ ತಾರಿಕನು ಸಮುದ್ರವನ್ನು ದಾಟಿ ಸ್ಪೇನಿಗೆ ಬಂದನು; 732ರಲ್ಲಿ ಚಾರ್ಲ್ಸ್ ಮಾರ್ಟೆಲನು ಪ್ವಾತಿಯೆ ನಗರದ ಸಮೀಪದಲ್ಲಿ ಅಬ್ದುಲ್ ರಹಮಾನನ ಸೈನ್ಯವನ್ನು ತಡೆದನು; 800ರ ಕ್ರಿಸ್ಮಸ್ಸಿನ ದಿನ ಫ್ರಾಂಕರ ದೊರೆ ಶಾರ್ಲಮೇನನ ತಲೆಯ ಮೇಲೆ ಪೋಪನು ಕಿರೀಟವನ್ನಿಟ್ಟನು; 843ರಲ್ಲಿ ಅವನ ಮೊಮ್ಮಕ್ಕಳು ಆ ಸಾಮ್ರಾಜ್ಯವನ್ನು ಮೂರು ಪಾಲು ಮಾಡಿಕೊಂಡರು. ಇವೆಲ್ಲವೂ ನಡೆದ ಸಂಗತಿಗಳೇ, ಅವುಗಳ ಮಹತ್ವವನ್ನು ಅಲ್ಲಗಳೆಯುವವರಾರೂ ಇಲ್ಲ. ಆದರೆ ಆ ಕಾಲದ ಯೂರೋಪಿನಲ್ಲಿ ನಡೆದ ಅತಿ ಮುಖ್ಯವಾದ ಕಾರ್ಯವು ರಣರಂಗದಲ್ಲಾಗಲಿ ಸಿಂಹಾಸನದ ಮುಂದಾಗಲಿ ನಡೆಯಲಿಲ್ಲವೆಂದೂ, ಮಠಗಳ ಕಿಟಕಿಗಳ ಬಳಿ ಬಾಗಿ ಕುಳಿತ ಲಿಪಿಕಾರರ ಕೈಯಲ್ಲಿ ನಡೆಯಿತೆಂದೂ ನಾನು ದೃಢವಾಗಿ ನಂಬಿದ್ದೇನೆ. ಆ ನಂಬಿಕೆಗೆ ಆಧಾರವೇನೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ನಾಶದ ಕಥೆಯನ್ನು ಮೊದಲು ಹೇಳಬೇಕು. ಅದನ್ನು ಅರಿಯದೆ ರಕ್ಷಣೆಯ ಬೆಲೆ ತಿಳಿಯುವುದಿಲ್ಲ. ಆಲರಿಕನ ಸೂರೆಗಿಂತಲೂ ಹೆಚ್ಚಾಗಿ ಇಟಲಿಯನ್ನು ಹಾಳುಗೆಡವಿದುದು, ಆ ದೇಶವನ್ನು ಮರಳಿ ಗೆಲ್ಲಲು ಪೂರ್ವದ ಚಕ್ರವರ್ತಿ ಜಸ್ಟಿನಿಯನ್ನನು 535ರಲ್ಲಿ ಆರಂಭಿಸಿದ ಗಾಥ್ ಯುದ್ಧ. ಸುಮಾರು ಇಪ್ಪತ್ತು ವರ್ಷಗಳ ಪರ್ಯಂತ ನಡೆದ ಆ ಯುದ್ಧದಲ್ಲಿ, 537ರಲ್ಲಿ ಗಾಥರು ರೋಮಿಗೆ ನೀರು ತರುತ್ತಿದ್ದ ಮೇಲ್ಗಾಲುವೆಗಳನ್ನು ಕಡಿದುಹಾಕಿದರು. ಲಕ್ಷಾಂತರ ಜನರು ನೆಲಸಿದ್ದ ಮಹಾನಗರವು 546ರ ಮುತ್ತಿಗೆಯ ತರುವಾಯ ಸ್ವಲ್ಪ ಕಾಲ ನಿರ್ಜನವಾಗಿ ಬಿದ್ದಿತ್ತು. ಇದರ ನಡುವೆ 536ರಲ್ಲಿ ಸೂರ್ಯನು ತಿಂಗಳುಗಟ್ಟಲೆ ಮಂಕಾಗಿ, ಮಧ್ಯಾಹ್ನದಲ್ಲಿಯೂ ನೆರಳು ಕಾಣದಂತಾಗಿ, ಬೆಳೆಗಳು ಕೆಟ್ಟವು. ಜ್ವಾಲಾಮುಖಿಯ ಧೂಳು ಆಕಾಶವನ್ನು ಕವಿದುದೇ ಇದಕ್ಕೆ ಕಾರಣವೆಂದು ಈಚಿನ ವಿಜ್ಞಾನಿಗಳು ಹಿಮದ ಪದರಗಳನ್ನು ಪರೀಕ್ಷಿಸಿ ಹೇಳಿದ್ದಾರೆ. 541ರಲ್ಲಿ ಈಜಿಪ್ಟಿನಲ್ಲಿ ಕಾಣಿಸಿಕೊಂಡ ಮಹಾಮಾರಿಯು ಮರುವರ್ಷವೇ ಕಾನ್‌ಸ್ಟಾಂಟಿನೋಪಲನ್ನು ಹೊಕ್ಕು, ಅಲ್ಲಿಂದ ಪಶ್ಚಿಮಕ್ಕೆ ಹರಡಿ, ಮುಂದಿನ ಎರಡು ಶತಮಾನಗಳಲ್ಲಿ ಅಲೆಅಲೆಯಾಗಿ ಮರಳಿ ಬರುತ್ತಲೇ ಇದ್ದಿತು. 568ರಲ್ಲಿ ಲಂಬಾರ್ಡರು ಆಲ್ಪ್ಸ್ ಪರ್ವತವನ್ನಿಳಿದು ಬಂದರು. ಪಾಠಶಾಲೆಗಳು ಮುಚ್ಚಿದವು, ಗ್ರಂಥಭಂಡಾರಗಳು ಚದರಿದವು. ಹಳೆಯ ಗ್ರಂಥವೊಂದು ಶಿಥಿಲವಾದಾಗ ಅದನ್ನು ಪ್ರತಿಮಾಡಿಸುವ ಧನಿಕನಿಲ್ಲದೆ, ಪ್ರತಿಮಾಡಿಕೊಡುವ ಬರೆಹಗಾರನೂ ಇಲ್ಲದೆ, ಎಷ್ಟು ಕಾವ್ಯಗಳು, ಎಷ್ಟು ಚರಿತ್ರೆಗಳು, ಎಷ್ಟು ಶಾಸ್ತ್ರಗಳು ಸದ್ದಿಲ್ಲದೆ ಇಲ್ಲವಾದವೋ! ಗ್ರಂಥವನ್ನು ಸುಡಲು ಶತ್ರುವೇ ಬರಬೇಕೆಂದಿಲ್ಲ, ಎರಡು ತಲೆಮಾರು ಯಾರೂ ಅದನ್ನು ಪ್ರತಿಮಾಡದೆ ಬಿಟ್ಟರೆ ಸಾಕು.

ಈ ಅಪಾಯವನ್ನು ಕಣ್ಣಾರೆ ಕಂಡು, ಅದಕ್ಕೆ ಪರಿಹಾರವನ್ನು ಯೋಚಿಸಿದವರಲ್ಲಿ ಮೊದಲು ಸ್ಮರಿಸಬೇಕಾದವನು ಕ್ಯಾಸಿಯೊಡೋರಸ್. ಗಾಥ್ ದೊರೆ ಥಿಯೋಡೊರಿಕನ ಆಸ್ಥಾನದಲ್ಲಿ ಉನ್ನತಾಧಿಕಾರಿಯಾಗಿದ್ದು, ರಾಜಪತ್ರಗಳನ್ನು ಅಲಂಕಾರಯುಕ್ತವಾದ ಲ್ಯಾಟಿನ್ನಿನಲ್ಲಿ ಬರೆದು ಹೆಸರಾಗಿದ್ದ ಈತನು, ತನ್ನ ಸಮಕಾಲೀನನಾದ ಬೊಯೀಥಿಯಸನು ರಾಜದ್ರೋಹದ ಆರೋಪಕ್ಕೆ ಸಿಕ್ಕಿ, ಸೆರೆಮನೆಯಲ್ಲಿ ತತ್ತ್ವಗ್ರಂಥವೊಂದನ್ನು ಬರೆದು, ಮರಣದಂಡನೆಗೆ ಒಳಗಾದುದನ್ನು ಕಂಡಿದ್ದನು. ರೋಮಿನಲ್ಲಿ ಉನ್ನತ ವಿದ್ಯಾಪೀಠವೊಂದನ್ನು ಸ್ಥಾಪಿಸಬೇಕೆಂದು ಪೋಪ್ ಅಗಾಪೀಟಸನೊಡನೆ ಸೇರಿ ಈತನು ಮಾಡಿದ ಪ್ರಯತ್ನವು ಯುದ್ಧದ ದೆಸೆಯಿಂದ ಕೈಗೂಡಲಿಲ್ಲ. ರಾಜ್ಯವೂ ರಾಜಧಾನಿಯೂ ಕೈಬಿಟ್ಟುಹೋದ ಮೇಲೆ, ಮುಪ್ಪಿನಲ್ಲಿ, ಇಟಲಿಯ ದಕ್ಷಿಣದ ತುದಿಯ ಸ್ಕ್ವಿಲ್ಲಾಚೆ ಎಂಬಲ್ಲಿನ ತನ್ನ ಪಿತ್ರಾರ್ಜಿತ ಭೂಮಿಯಲ್ಲಿ, ಮೀನಿನ ಕೊಳಗಳ ಪಕ್ಕದಲ್ಲಿ, ಈತನು ಮಠವೊಂದನ್ನು ಕಟ್ಟಿಸಿದನು. ಅದಕ್ಕೆ ವಿವೇರಿಯಮ್ ಎಂದು ಹೆಸರು. ಅಲ್ಲಿನ ಸಂನ್ಯಾಸಿಗಳಿಗೆ ಗ್ರಂಥಗಳನ್ನು ಪ್ರತಿಮಾಡುವುದೇ ತಪಸ್ಸೆಂದು ಬೋಧಿಸಿದನು. ರಾತ್ರಿ ಬರೆಯುವವರಿಗಾಗಿ ತಾನೇ ಎಣ್ಣೆಯನ್ನು ತುಂಬಿಕೊಳ್ಳುವ ದೀಪಗಳನ್ನೂ, ಹೊತ್ತನ್ನು ಅರಿಯಲು ನೆರಳುಗಡಿಯಾರವನ್ನೂ, ಮೋಡದ ದಿನಗಳಿಗೆಂದು ಜಲಗಡಿಯಾರವನ್ನೂ ಮಾಡಿಸಿಕೊಟ್ಟನು. ತೊಂಬತ್ತಮೂರನೆಯ ವಯಸ್ಸಿನಲ್ಲಿ ಅವನು ಕೈಗೊಂಡ ಕೊನೆಯ ಕೃತಿ ಯಾವುದು? ವೇದಾಂತವಲ್ಲ, ಆತ್ಮಚರಿತ್ರೆಯಲ್ಲ, ಪ್ರತಿಮಾಡುವ ಶಿಷ್ಯರು ಅಕ್ಷರ ತಪ್ಪದೆ ಬರೆಯಲೆಂದು ರಚಿಸಿದ ಕಾಗುಣಿತದ ಕೈಪಿಡಿ. ಜೀವಮಾನವೆಲ್ಲ ದೊರೆಗಳ ಪರವಾಗಿ ಬರೆದ ಕೈ, ಸಾವಿನ ಹೊಸಿಲಲ್ಲಿ, ಮಕ್ಕಳಂತಹ ಸಂನ್ಯಾಸಿಗಳಿಗೆ ಅಕ್ಷರ ತಿದ್ದಿಸಿತೆಂಬ ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಆ ಮುದುಕನಲ್ಲಿ ಪೂಜ್ಯಭಾವವುಂಟಾಗುತ್ತದೆ.

ವಿವೇರಿಯಮ್ ಅವನ ಅನಂತರ ಬಹುಕಾಲ ಉಳಿಯಲಿಲ್ಲ. ಉಳಿದುದು ಅದೇ ಕಾಲದಲ್ಲಿ ಮಾಂಟೆ ಕ್ಯಾಸಿನೊ ಬೆಟ್ಟದ ಮೇಲೆ ಬೆನೆಡಿಕ್ಟನು ತನ್ನ ಅನುಯಾಯಿಗಳಿಗೆ ಬರೆದುಕೊಟ್ಟ ನಿಯಮಾವಳಿ. ಎಪ್ಪತ್ತಮೂರು ಅಧ್ಯಾಯಗಳ ಆ ಸಣ್ಣ ಗ್ರಂಥದಲ್ಲಿ ಪ್ರತಿಮಾಡುವ ಕೆಲಸವನ್ನು ಕುರಿತು ಪ್ರತ್ಯೇಕವಾದ ವಿಧಿಯಿಲ್ಲ. ಆದರೆ ದಿನದ ಇಷ್ಟು ಹೊತ್ತು ಮೈಮುರಿದು ದುಡಿಯಬೇಕು, ಇಷ್ಟು ಹೊತ್ತು ಓದಬೇಕು, ಈಸ್ಟರಿಗೆ ಮುಂಚಿನ ವ್ರತಕಾಲದಲ್ಲಿ ಒಬ್ಬೊಬ್ಬನೂ ಒಂದೊಂದು ಗ್ರಂಥವನ್ನು ಪಡೆದು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಬೇಕು, ಓದಿನ ವೇಳೆಯಲ್ಲಿ ಯಾರಾದರೂ ಹರಟುತ್ತ ಕುಳಿತಿರುವರೇ ಎಂದು ನೋಡಲು ಹಿರಿಯರಿಬ್ಬರು ಸುತ್ತಾಡುತ್ತಿರಬೇಕು ಎಂಬ ಕಟ್ಟಳೆಯುಂಟು. ಓದಬೇಕೆಂದಾದರೆ ಗ್ರಂಥ ಬೇಕು. ಗ್ರಂಥ ಬೇಕೆಂದಾದರೆ ಬರೆಯುವವನು ಬೇಕು. ಹೀಗೆ, ಅಕ್ಷರವಿದ್ಯೆಯು ಧನಿಕರ ಅಲಂಕಾರವಾಗಿದ್ದುದು ಹೋಗಿ, ಬಡತನವನ್ನು ವ್ರತವಾಗಿ ಸ್ವೀಕರಿಸಿದವರ ನಿತ್ಯಕರ್ಮವಾಯಿತು.

ಇಟಲಿಯಲ್ಲಿ ಆರಿಹೋಗುತ್ತಿದ್ದ ವಿದ್ಯೆಯು ಯೂರೋಪಿನ ತೀರ ಅಂಚಿನಲ್ಲಿ, ರೋಮಕರ ಆಳಿಕೆಯನ್ನೇ ಕಾಣದ ಐರ್ಲೆಂಡಿನಲ್ಲಿಯೂ, ಬ್ರಿಟನ್ನಿನ ಉತ್ತರಭಾಗವಾದ ನಾರ್ದಂಬ್ರಿಯದಲ್ಲಿಯೂ ಚಿಗುರಿದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಐರ್ಲೆಂಡಿನ ಸಂನ್ಯಾಸಿಗಳು ದೇಶತ್ಯಾಗವನ್ನೇ ತಪಸ್ಸೆಂದು ತಿಳಿದು ಕಡಲನ್ನು ದಾಟಿದರು. ಕೊಲಂಬನು 563ರಲ್ಲಿ ಅಯೋನಾ ದ್ವೀಪದಲ್ಲಿ ಮಠ ಕಟ್ಟಿದನು, ಕೊಲಂಬಾನಸನು ಗಾಲ್ ದೇಶವನ್ನು ಹಾದು ಇಟಲಿಗೆ ಬಂದು 614ರಲ್ಲಿ ಬೊಬ್ಬಿಯೊದಲ್ಲಿ ನೆಲೆನಿಂತನು. ಅತ್ತ ರೋಮಿನಿಂದ ಪೋಪ್ ಗ್ರೆಗರಿಯು ಕಳುಹಿಸಿದ ಅಗಸ್ಟೀನನು 597ರಲ್ಲಿ ಕೆಂಟ್ ರಾಜ್ಯಕ್ಕೆ ಬಂದನು. ಈ ಎರಡು ಧಾರೆಗಳೂ ಕೂಡಿದ ಸ್ಥಳ ನಾರ್ದಂಬ್ರಿಯ. ಅಲ್ಲಿನ ಕುಲೀನನೊಬ್ಬನು, ಬೆನೆಡಿಕ್ಟ್ ಬಿಸ್ಕಪ್ ಎಂಬ ಹೆಸರಿನವನು, ರಾಜಸೇವೆಯನ್ನು ಬಿಟ್ಟು ಸಂನ್ಯಾಸಿಯಾಗಿ, ಮತ್ತೆ ಮತ್ತೆ ರೋಮಿಗೆ ಯಾತ್ರೆ ಹೋಗಿ, ಪ್ರತಿಸಲವೂ ಗ್ರಂಥಗಳ ಹೊರೆಯನ್ನು ಹೊರಿಸಿಕೊಂಡು ಬಂದು, 674ರಲ್ಲಿ ವೇರ್‌ಮೌತಿನಲ್ಲಿಯೂ ಕೆಲವು ವರ್ಷಗಳ ತರುವಾಯ ಜಾರೋ ಎಂಬಲ್ಲಿಯೂ ಜೋಡಿಮಠಗಳನ್ನು ಸ್ಥಾಪಿಸಿದನು. ಕಲ್ಲುಕುಟಿಗರನ್ನೂ ಕಿಟಕಿಗೆ ಗಾಜು ಕೂಡಿಸುವವರನ್ನೂ ಗಾಲ್ ದೇಶದಿಂದ ಕರೆಸಬೇಕಾಯಿತು. ಹಾಡುವ ಕ್ರಮವನ್ನು ಕಲಿಸಲು ರೋಮಿನಿಂದ ಗಾಯಕನೊಬ್ಬನು ಬಂದನು. ಜಾರೋ ದೇವಾಲಯವು 685ರ ಏಪ್ರಿಲ್ 23ರಂದು ಪ್ರತಿಷ್ಠೆಯಾಯಿತೆಂದು ಹೇಳುವ ಶಿಲಾಲೇಖವು ಇಂದಿಗೂ ಅಲ್ಲಿನ ಗೋಡೆಯಲ್ಲಿದೆ.

ಮರುವರ್ಷವೇ ಮಹಾಮಾರಿ ಬಂದಿತು. ಜಾರೋ ಮಠದಲ್ಲಿ ಸ್ತೋತ್ರಗಳನ್ನು ಹಾಡಬಲ್ಲವರೆಲ್ಲರೂ ಸತ್ತು, ಮಠಾಧಿಪತಿ ಸಿಯೋಲ್‌ಫ್ರಿತನೂ ಅವನು ಸಾಕಿ ಓದಿಸುತ್ತಿದ್ದ ಒಬ್ಬ ಹುಡುಗನೂ ಮಾತ್ರ ಉಳಿದರು. ಇಬ್ಬರೇ ಪೂರ್ಣಕ್ರಮದಲ್ಲಿ ಹಾಡಲಾರೆವೆಂದು ಒಂದು ವಾರ ಪಲ್ಲವಿಗಳನ್ನು ಬಿಟ್ಟು ಬರಿಯ ಸ್ತೋತ್ರಗಳನ್ನು ಹೇಳಿನೋಡಿದರಂತೆ. ಆಮೇಲೆ ಆ ಕೊರತೆಯನ್ನು ಸಹಿಸಲಾರದೆ, ಕಣ್ಣೀರು ಸುರಿಸುತ್ತ, ಎಷ್ಟೇ ಶ್ರಮವಾದರೂ ಆಗಲೆಂದು, ಆ ಮಠಾಧಿಪತಿಯೂ ಆ ಬಾಲಕನೂ ಹಗಲಿನ ಪೂಜಾವಿಧಿಯೆಲ್ಲವನ್ನೂ ಲೋಪವಿಲ್ಲದೆ ನಡೆಸಿಕೊಂಡು ಬಂದರು, ಹೊಸಬರು ಕಲಿತು ಸೇರಿಕೊಳ್ಳುವವರೆಗೆ. ಆ ಹುಡುಗನೇ ಮುಂದೆ ಬೀಡ್ ಎಂದು ಖ್ಯಾತನಾದವನೆಂದು ಬಹುಮಂದಿ ವಿದ್ವಾಂಸರು ಭಾವಿಸುತ್ತಾರೆ. ಏಳನೆಯ ವಯಸ್ಸಿನಲ್ಲಿ ಮಠವನ್ನು ಸೇರಿದ ಬೀಡನು ಆಮೇಲೆ ನಾರ್ದಂಬ್ರಿಯದ ಆಚೆ ಕಾಲಿಟ್ಟನೋ ಇಲ್ಲವೋ. ಆದರೆ ಬಿಸ್ಕಪನು ತಂದ ಗ್ರಂಥಗಳ ನಡುವೆ ಕುಳಿತು, ಭೂಮಿಯು ಚೆಂಡಿನಂತೆ ಗುಂಡಾಗಿದೆಯೆಂದು ಬರೆದನು, ಸಮುದ್ರದ ಭರತ ಇಳಿತಗಳಿಗೂ ಚಂದ್ರನ ಚಲನೆಗೂ ಇರುವ ಸಂಬಂಧವನ್ನು ವಿವೇಚಿಸಿದನು, 731ರಲ್ಲಿ ಇಂಗ್ಲಿಷ್ ಜನರ ಧರ್ಮಚರಿತ್ರೆಯನ್ನು ಮುಗಿಸಿದನು. ಆ ಚರಿತ್ರೆಯಲ್ಲಿ ಅವನು ಘಟನೆಗಳನ್ನು ಕ್ರಿಸ್ತಜನನದಿಂದ ಎಣಿಸಿ ಹೇಳಿದುದರಿಂದಲೇ ಆ ಎಣಿಕೆಯು ಪಶ್ಚಿಮದಲ್ಲೆಲ್ಲ ಹಬ್ಬಲು ಅನುವಾಯಿತು. ಈ ಲೇಖನದಲ್ಲಿ ನಾನು ಬರೆಯುತ್ತಿರುವ ವರ್ಷಸಂಖ್ಯೆಗಳೂ ಆ ರೂಢಿಯವೇ.

735ರಲ್ಲಿ ಬೀಡನು ಮರಣಶಯ್ಯೆಯಲ್ಲಿದ್ದಾಗ, ಯೋಹಾನನ ಸುವಾರ್ತೆಯನ್ನು ತನ್ನ ನಾಡನುಡಿಗೆ ಪರಿವರ್ತಿಸುತ್ತ, ವಾಕ್ಯವಾಕ್ಯವಾಗಿ ಹೇಳಿ ಬಾಲಕನೊಬ್ಬನಿಂದ ಬರೆಸುತ್ತಿದ್ದನೆಂದೂ, ಇನ್ನೊಂದೇ ವಾಕ್ಯ ಉಳಿದಿದೆಯೆಂದು ಆ ಹುಡುಗನು ನೆನಪುಮಾಡಿದಾಗ ಅದನ್ನೂ ಹೇಳಿ ಮುಗಿಸಿದನೆಂದೂ ಅವನ ಶಿಷ್ಯ ಕತ್‌ಬರ್ಟನು ಪತ್ರವೊಂದರಲ್ಲಿ ಬರೆದಿದ್ದಾನೆ. ಅದಕ್ಕೆ ಸ್ವಲ್ಪ ಮುಂಚೆ ಬೀಡನು ತನ್ನ ಪೆಟ್ಟಿಗೆಯನ್ನು ತರಿಸಿ, ಅದರಲ್ಲಿದ್ದ ಸ್ವಂತ ಸೊತ್ತನ್ನು ಸಹೋದ್ಯೋಗಿಗಳಾದ ಪುರೋಹಿತರಿಗೆ ಹಂಚಿದನಂತೆ: ಕೆಲವು ವಸ್ತ್ರಗಳು, ಸ್ವಲ್ಪ ಧೂಪದ್ರವ್ಯ, ಸ್ವಲ್ಪ ಕರಿಮೆಣಸು. ರೋಮಿನ ಸಾಮ್ರಾಜ್ಯ ಅಳಿದು ಇನ್ನೂರೈವತ್ತು ವರ್ಷಗಳಾದ ಮೇಲೆಯೂ ನಮ್ಮ ಕಡಲತೀರದ ಮೆಣಸಿನ ಕಾಳು, ಉತ್ತರಸಮುದ್ರದ ಬದಿಯ ಬಡಸಂನ್ಯಾಸಿಯ ಪೆಟ್ಟಿಗೆಯನ್ನು ಮುಟ್ಟುತ್ತಿದ್ದಿತೆಂದರೆ, ಆ ಕಾಲದಲ್ಲಿ ವ್ಯಾಪಾರದ ಹಾದಿಗಳೆಲ್ಲವೂ ಮುಚ್ಚಿಹೋಗಿದ್ದುವೆಂಬ ಮಾತನ್ನು ನಾವು ಪೂರ್ತಿಯಾಗಿ ಒಪ್ಪಬೇಕಾದುದಿಲ್ಲ.

ಈ ಜೋಡಿಮಠಗಳಲ್ಲಿ ತಯಾರಾದ ಒಂದು ಗ್ರಂಥದ ಕಥೆಯನ್ನು ಹೇಳದೆ ಮುಂದುವರಿಯಲಾರೆ. ಸಿಯೋಲ್‌ಫ್ರಿತನು ರೋಮಿನಿಂದ ತಂದಿದ್ದ ಹಳೆಯ ಬೃಹತ್ ಬೈಬಲ್ಲೊಂದು ಅಲ್ಲಿದ್ದಿತು. ಅದು ಕ್ಯಾಸಿಯೊಡೋರಸನು ವಿವೇರಿಯಮ್ಮಿನಲ್ಲಿ ಸಿದ್ಧಪಡಿಸಿದುದೆಂಬುದು ವಿದ್ವಾಂಸರ ಮತ. ಆ ಗಾತ್ರದಲ್ಲಿಯೇ ಮೂರು ಬೈಬಲ್ಲುಗಳನ್ನು ಸಿಯೋಲ್‌ಫ್ರಿತನು ಬರೆಯಿಸಿದನು: ಎರಡು ತನ್ನ ಎರಡು ದೇವಾಲಯಗಳಿಗೆ, ಮೂರನೆಯದು ಪೋಪನಿಗೆ ಕಾಣಿಕೆಯಾಗಿ. ಸಾವಿರಕ್ಕೂ ಮೀರಿದ ಹಾಳೆಗಳು. ಒಂದೊಂದು ಹಾಳೆಯೂ ಕರುವಿನ ಚರ್ಮದಿಂದ ಹದಮಾಡಿದ್ದು. ಪುಸ್ತಕದ ತೂಕ 34 ಕಿಲೋಗ್ರಾಮಿನಷ್ಟು. 716ರ ಜೂನಿನಲ್ಲಿ, ಎಪ್ಪತ್ತನಾಲ್ಕು ವಯಸ್ಸಿನ ಆ ವೃದ್ಧನು ಅದನ್ನು ತಾನೇ ಒಪ್ಪಿಸಿಬರುವೆನೆಂದು ಹೊರಟು, ದಾರಿಯಲ್ಲಿ, ಲಾಂಗ್ರ್ ಎಂಬ ಊರಿನಲ್ಲಿ ಸೆಪ್ಟೆಂಬರ್ ತಿಂಗಳ ಕೊನೆಗೆ ತೀರಿಕೊಂಡನು. ಗ್ರಂಥವು ಹೇಗೋ ಇಟಲಿಯ ಅಮಿಯಾತ ಬೆಟ್ಟದ ಮಠವನ್ನು ಸೇರಿತು. ಯಾರೋ ಅದರ ಸಮರ್ಪಣಪದ್ಯದಲ್ಲಿದ್ದ ಸಿಯೋಲ್‌ಫ್ರಿತನ ಹೆಸರನ್ನು ಹೆರೆದು, ಲಂಬಾರ್ಡರವನಾದ ಪೀಟರನೆಂಬ ಹೆಸರನ್ನು ಅಲ್ಲಿ ಬರೆದರು. ಬರವಣಿಗೆ ಅಷ್ಟು ಶುದ್ಧವಾಗಿ ರೋಮಕ ಸಂಪ್ರದಾಯವನ್ನು ಅನುಸರಿಸಿದ್ದುದರಿಂದ ಸಾವಿರ ವರ್ಷಗಳ ಕಾಲ ಅದನ್ನು ಇಟಲಿಯದೆಂದೇ ಎಲ್ಲರೂ ನಂಬಿದ್ದರು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹೆರೆದ ಅಕ್ಷರಗಳ ಗುರುತನ್ನು ಹಿಡಿದು ವಿದ್ವಾಂಸರು ಸಿಯೋಲ್‌ಫ್ರಿತನ ಹೆಸರನ್ನು ಮರಳಿ ಓದಿದರು. ಲ್ಯಾಟಿನ್ ಬೈಬಲ್ಲಿನ ಸಮಗ್ರಪ್ರತಿಗಳಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯದು ಇದೇ.

ಇಂತಹ ಗ್ರಂಥವೊಂದನ್ನು ಮಾಡುವುದೆಂದರೆ ಏನು? ಕರುವಿನ ಅಥವಾ ಕುರಿಯ ತೊಗಲನ್ನು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ಕೂದಲನ್ನು ಕೆರೆದು, ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ, ಅರ್ಧಚಂದ್ರಾಕಾರದ ಕತ್ತಿಯಿಂದ ಹೆರೆಯುತ್ತ ಒಣಗಿಸಬೇಕು. ಹಾಳೆಗಳನ್ನು ಮಡಿಸಿ, ಅಂಚಿನಲ್ಲಿ ಸೂಜಿಯಿಂದ ಚುಚ್ಚಿ ಗುರುತುಮಾಡಿ, ಮೊನಚಾದ ಕಡ್ಡಿಯಿಂದ ಗೆರೆಯನ್ನು ಒತ್ತಬೇಕು. ಹೆಬ್ಬಾತಿನ ಗರಿಯನ್ನು ಕೊಯ್ದು ಲೇಖನಿ ಮಾಡಬೇಕು. ಓಕ್ ಮರದ ಕೊಂಬೆಗಳಲ್ಲಿ ಹುಳು ಕಡಿದು ಎದ್ದ ಗಂಟುಗಳನ್ನು ಕುಟ್ಟಿ ನೆನೆಸಿ, ಅನ್ನಭೇದಿಯನ್ನು ಬೆರೆಸಿ ಮಸಿಯನ್ನು ಕಾಯಿಸಬೇಕು. ಅನಂತರ ಬರೆಯಬೇಕು, ಬೆಳಕಿರುವಷ್ಟು ಹೊತ್ತು. ಬೀಡನ ಮರಣವನ್ನು ವರ್ಣಿಸಿದ ಕತ್‌ಬರ್ಟನು ತಾನೇ ಮಠಾಧಿಪತಿಯಾಗಿದ್ದಾಗ, 764ರಲ್ಲಿ, ಜರ್ಮನಿಯ ಬಿಷಪ್ ಲುಲ್ಲನಿಗೆ ಬರೆದ ಪತ್ರದಲ್ಲಿ, ಕಳೆದ ಚಳಿಗಾಲದ ಹಿಮವೂ ಬಿರುಗಾಳಿಯೂ ಲಿಪಿಕಾರನ ಕೈಯನ್ನು ಮರಗಟ್ಟಿಸಿದ್ದರಿಂದ ಬೀಡನ ಗ್ರಂಥಗಳನ್ನು ಹೆಚ್ಚಾಗಿ ಕಳುಹಿಸಲಾಗಲಿಲ್ಲವೆಂದು ಕ್ಷಮೆ ಕೇಳುತ್ತಾನೆ. ಗ್ರಂಥಾಂತ್ಯದಲ್ಲಿ ಲಿಪಿಕಾರರು ಬರೆದ ಸಣ್ಣ ಟಿಪ್ಪಣಿಗಳಲ್ಲಿ, ಬರೆಯುವುದು ಸುಲಭವೆಂದು ತಿಳಿಯಬೇಡಿರಿ, ಅದರಿಂದ ಬೆನ್ನು ಬಾಗುತ್ತದೆ, ಕಣ್ಣು ಮಂಜಾಗುತ್ತದೆ ಎಂಬ ಅಳಲು ಮೇಲಿಂದಮೇಲೆ ಕಾಣುತ್ತದೆ. ನಮ್ಮ ಓಲೆಗರಿಯ ಪ್ರತಿಗಳ ಕೊನೆಯಲ್ಲಿಯೂ ಬೆನ್ನು, ಸೊಂಟ, ಕೊರಳು ನೊಂದವೆಂದು ಹೇಳಿ, ಕಷ್ಟದಿಂದ ಬರೆದುದನ್ನು ಜೋಪಾನಮಾಡಿರೆಂದು ಬೇಡುವ ಲಿಪಿಕಾರರುಂಟಷ್ಟೆ; ಒಬ್ಬರನ್ನೊಬ್ಬರು ಅರಿಯದ ಈ ಎರಡು ಬಳಗಗಳ ಮಾತು ಒಂದೇ ಆಗಿರುವುದನ್ನು ಕಂಡು ನನ್ನ ಮನಸ್ಸು ತುಂಬಿಬರುತ್ತದೆ.

ಇನ್ನು ಶಾರ್ಲಮೇನನ ವಿಚಾರ. ಅವನ ಕೈಯಲ್ಲಿ ಕತ್ತಿಯಿದ್ದಿತು, ಅದು ರಕ್ತವನ್ನು ಧಾರಾಳವಾಗಿ ಕುಡಿಯಿತು. 772ರಿಂದ 804ರವರೆಗೆ ಸ್ಯಾಕ್ಸನ್ನರೊಡನೆ ನಡೆದ ಯುದ್ಧದಲ್ಲಿ, 782ನೆಯ ವರ್ಷ ವೆರ್ಡೆನ್ ಎಂಬಲ್ಲಿ ಒಂದೇ ದಿನ 4,500 ಮಂದಿ ಸೆರೆಯಾಳುಗಳ ತಲೆ ಕಡಿಸಿದನೆಂದು ಅವನ ಆಸ್ಥಾನದ ವಾರ್ಷಿಕ ವೃತ್ತಾಂತವೇ ಹೇಳುತ್ತದೆ. ದೀಕ್ಷಾಸ್ನಾನವನ್ನು ನಿರಾಕರಿಸುವ ಸ್ಯಾಕ್ಸನ್ನನಿಗೆ ಮರಣದಂಡನೆಯೆಂದು ಅವನ ಶಾಸನವು ವಿಧಿಸಿತು. ಅವನ ವಿದ್ಯಾಪ್ರೇಮವನ್ನು ಹೊಗಳುವ ಭರದಲ್ಲಿ ಇದನ್ನು ಮರೆಮಾಚುವುದು ಅನ್ಯಾಯ. ಅವನ ಗುರುವೇ ಆದ ಆಲ್ಕುಯಿನನು, ಶ್ರದ್ಧೆಯು ಮನಸ್ಸಿನ ಒಪ್ಪಿಗೆಯಿಂದ ಬರತಕ್ಕದ್ದೇ ಹೊರತು ಬಲಾತ್ಕಾರದಿಂದ ಬರತಕ್ಕದ್ದಲ್ಲವೆಂದು ದೊರೆಗೆ ಪತ್ರ ಬರೆದನೆಂಬುದನ್ನು ಮಾತ್ರ ಇದರ ಜೊತೆಗೆ ನೆನೆಯಬೇಕು.

ಇಂಥ ದೊರೆಗೆ ಅಕ್ಷರದ ಹಂಬಲ ಹುಟ್ಟಿದುದು ಚರಿತ್ರೆಯ ಆಶ್ಚರ್ಯಗಳಲ್ಲೊಂದು. ಅವನಿಗೆ ಲ್ಯಾಟಿನ್ ಮಾತನಾಡಲು ಬರುತ್ತಿದ್ದಿತು, ಗ್ರೀಕ್ ಅರ್ಥವಾಗುತ್ತಿದ್ದಿತು. ಆದರೆ ಬರೆಯಲು ಬರುತ್ತಿರಲಿಲ್ಲ. ಬರೆಯುವ ಹಲಗೆಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡು, ನಿದ್ರೆ ಬಾರದ ಹೊತ್ತಿನಲ್ಲಿ ಅಕ್ಷರಗಳನ್ನು ತಿದ್ದಿ ಕೈಯನ್ನು ಪಳಗಿಸಿಕೊಳ್ಳಲು ಯತ್ನಿಸುತ್ತಿದ್ದನೆಂದೂ, ವಯಸ್ಸು ಮೀರಿ ತೊಡಗಿದುದರಿಂದ ಅದು ಅಷ್ಟಾಗಿ ಕೈಗೂಡಲಿಲ್ಲವೆಂದೂ ಅವನ ಚರಿತ್ರಕಾರನಾದ ಐನ್‌ಹಾರ್ಡನು ಹೇಳುತ್ತಾನೆ. 781ರಲ್ಲಿ ಇಟಲಿಯ ಪಾರ್ಮಾ ನಗರದಲ್ಲಿ ಭೇಟಿಯಾದ ಯಾರ್ಕ್ ಪಾಠಶಾಲೆಯ ಆಲ್ಕುಯಿನನನ್ನು ಅವನು ತನ್ನ ಆಸ್ಥಾನಕ್ಕೆ ಕರೆಸಿಕೊಂಡನು. ಆಲ್ಕುಯಿನನ ಗುರುಪರಂಪರೆಯು ಬೀಡನನ್ನು ಮುಟ್ಟುತ್ತದೆ. ಜಾರೋವಿನಲ್ಲಿ ಇಬ್ಬರು ಉಳಿಸಿದ ದೀಪ ಹೀಗೆ ಆಖೆನ್ ಅರಮನೆಗೆ ಬಂದಿತು. 789ರ ಮಾರ್ಚ್ 23ರಂದು ಹೊರಟ ರಾಜಾಜ್ಞೆಯು, ಪ್ರತಿಯೊಂದು ಮಠದಲ್ಲಿಯೂ ಪ್ರತಿಯೊಂದು ಬಿಷಪ್ಪನ ಪೀಠದಲ್ಲಿಯೂ ಹುಡುಗರಿಗೆ ಓದು ಕಲಿಸುವ ಶಾಲೆಯಿರಬೇಕೆಂದೂ, ಸ್ತೋತ್ರ, ಗಾನ, ಕಾಲಗಣಿತ, ವ್ಯಾಕರಣಗಳ ಗ್ರಂಥಗಳನ್ನು ಶುದ್ಧಪಡಿಸಬೇಕೆಂದೂ, ದೇವರನ್ನು ಸರಿಯಾಗಿ ಪ್ರಾರ್ಥಿಸಬೇಕೆಂಬ ಇಚ್ಛೆಯಿದ್ದವರೂ ತಪ್ಪಿನ ಗ್ರಂಥಗಳಿಂದಾಗಿ ತಪ್ಪಾಗಿ ಪ್ರಾರ್ಥಿಸುತ್ತಿರುವರೆಂದೂ, ಸುವಾರ್ತೆಯನ್ನೋ ಸ್ತೋತ್ರಸಂಗ್ರಹವನ್ನೋ ಬರೆಯಬೇಕಾದಾಗ ಆ ಕೆಲಸವನ್ನು ಹುಡುಗರಿಗೆ ಬಿಡದೆ ಪ್ರಾಪ್ತವಯಸ್ಕರು ಶ್ರದ್ಧೆಯಿಂದ ಮಾಡಬೇಕೆಂದೂ ವಿಧಿಸಿತು. ಸ್ವತಂತ್ರರಲ್ಲದವರ ಮಕ್ಕಳನ್ನು ಮಾತ್ರವಲ್ಲ, ಸ್ವತಂತ್ರರ ಮಕ್ಕಳನ್ನೂ ಕೂಡಿಸಿಕೊಳ್ಳಿರೆಂಬ ಮಾತು ಅದರಲ್ಲಿದೆಯೆಂಬುದನ್ನು ಓದುಗರು ಗಮನಿಸಬೇಕು.

ಆಜ್ಞೆ ಹೊರಡುವುದು ಒಂದು, ನಡೆಯುವುದು ಇನ್ನೊಂದು. ಇದು ನಡೆಯಿತು. 800ಕ್ಕಿಂತ ಹಿಂದಿನವೆಂದು ಹೇಳಬಹುದಾದ ಲ್ಯಾಟಿನ್ ಹಸ್ತಪ್ರತಿಗಳು, ಬಿಡಿಹಾಳೆಗಳನ್ನೂ ಸೇರಿಸಿ, ಇಂದು ಸುಮಾರು 1,800 ಮಾತ್ರ ಉಳಿದಿವೆ. ಒಂಬತ್ತನೆಯ ಶತಮಾನವೊಂದರಿಂದಲೇ ಉಳಿದಿರುವುವು 7,000ಕ್ಕೂ ಮೇಲ್ಪಟ್ಟು. ಕೊರ್ಬಿ ಮೊದಲಾದ ಮಠಗಳಲ್ಲಿ ರೂಪುಗೊಂಡ ಹೊಸ ಅಕ್ಷರಶೈಲಿಯು ಈ ಕಾರ್ಯಕ್ಕೆ ನೆರವಾಯಿತು: ಹಿಂದಿನ ಫ್ರಾಂಕ್ ಕಚೇರಿಗಳ ಹೆಣೆದುಕೊಂಡ ಬರೆಹಕ್ಕೆ ಬದಲಾಗಿ, ಒಂದೊಂದು ಅಕ್ಷರವೂ ದುಂಡಗೆ, ಬಿಡಿಯಾಗಿ ನಿಲ್ಲುವ, ಪದಪದಗಳ ನಡುವೆ ಎಡೆಬಿಡುವ, ಬವೇರಿಯದಲ್ಲಿ ಬರೆದುದನ್ನು ಬ್ರಿಟನಿಯಲ್ಲಿ ತೊಡಕಿಲ್ಲದೆ ಓದಬಹುದಾದ ಸಣ್ಣಕ್ಷರ. ಆರುನೂರು ವರ್ಷಗಳ ತರುವಾಯ ಇಟಲಿಯ ಪಂಡಿತರು ಈ ಅಕ್ಷರವನ್ನು ಪ್ರಾಚೀನ ರೋಮಕರದೆಂದೇ ಭ್ರಮಿಸಿ ಅನುಕರಿಸಿದರು. ಮುದ್ರಕರು ಅದನ್ನೇ ಅಚ್ಚುಮೊಳೆಗೆ ತಂದರು. ಇಂದು ಇಂಗ್ಲಿಷ್ ಮೊದಲಾದ ಭಾಷೆಗಳ ಪುಸ್ತಕಗಳಲ್ಲಿ ನಾವು ಓದುವ ಸಣ್ಣಕ್ಷರಗಳು ಅವೇ.

ಈ ಬರೆಹದಲ್ಲಿ ಸ್ತ್ರೀಯರ ಪಾಲೂ ಇದ್ದಿತೆಂಬುದನ್ನು ಹಳೆಯ ಚರಿತ್ರಕಾರರು ಅಷ್ಟಾಗಿ ಹೇಳಿರಲಿಲ್ಲ. ಪ್ಯಾರಿಸ್ಸಿನ ಸಮೀಪದ ಶೆಲ್ ಎಂಬಲ್ಲಿದ್ದ ಸಂನ್ಯಾಸಿನಿಯರ ಮಠಕ್ಕೆ ಶಾರ್ಲಮೇನನ ತಂಗಿ ಗಿಸೆಲಾ ಅಧಿಪತಿ. ಸ್ತೋತ್ರಗಳ ಮೇಲೆ ಹಿಪ್ಪೋ ನಗರದ ಸಂತ ಅಗಸ್ಟೀನನು ಬರೆದ ವ್ಯಾಖ್ಯಾನವನ್ನು ಕಲೋನ್ ನಗರದ ಆರ್ಚ್‌ಬಿಷಪ್ಪನಿಗಾಗಿ ಮೂರು ಸಂಪುಟಗಳಲ್ಲಿ ಪ್ರತಿಮಾಡಿದ ಆ ಮಠದ ಸಂನ್ಯಾಸಿನಿಯರು, ತಾವು ತಾವು ಬರೆದ ಭಾಗದ ಕೊನೆಯಲ್ಲಿ ತಮ್ಮ ಹೆಸರನ್ನು ಕಾಣಿಸಿದ್ದಾರೆ: ಗಿರ್ಬಾಲ್ಡಾ, ಗಿಸ್ಲಿಲ್ಡಿಸ್, ಆಗ್ಲೆಬರ್ಟಾ, ಹೀಗೆ. ಅವರ ಜೀವನದ ಬೇರೆ ಯಾವ ಸಂಗತಿಯೂ ಉಳಿದಿಲ್ಲ. ಆ ಸಂಪುಟಗಳು ಇನ್ನೂ ಕಲೋನಿನಲ್ಲಿಯೇ ಇವೆ.

ಮಠಗಳು ಎಲ್ಲವನ್ನೂ ಉಳಿಸಿದುವೆಂದು ಹೇಳಿದರೆ ಅದು ಸತ್ಯವಾಗದು. ಬೊಬ್ಬಿಯೊ ಮಠದಲ್ಲಿ ಏಳನೆಯ ಶತಮಾನದಲ್ಲಿ ಯಾರೋ ಒಬ್ಬನು, ಸಿಸರೋ ಬರೆದ ರಾಜ್ಯಶಾಸ್ತ್ರದ ಹಳೆಯ ಪ್ರತಿಯ ಮಸಿಯನ್ನು ತೊಳೆದು, ಆ ಹಾಳೆಗಳ ಮೇಲೆಯೇ ಅಗಸ್ಟೀನನ ವ್ಯಾಖ್ಯಾನವನ್ನು ಬರೆದನು. ಕೆಳಗಿನ ಬರೆಹವನ್ನು 1819ರಲ್ಲಿ ಆಂಜೆಲೊ ಮಾಯ್ ಎಂಬ ಗ್ರಂಥಪಾಲಕನು ಗುರುತಿಸುವವರೆಗೆ ಆ ಕೃತಿಯ ಬಹುಭಾಗವು ಲೋಕಕ್ಕೆ ತಿಳಿಯದೆ ಇದ್ದಿತು. ಆದರೆ ಒಂಬತ್ತನೆಯ ಶತಮಾನಕ್ಕೆ ಬರುವ ವೇಳೆಗೆ, ಹಳೆಯ ಗ್ರಂಥವನ್ನು ಅದರ ಸಲುವಾಗಿಯೇ ಪ್ರೀತಿಸುವ ವಿದ್ವಾಂಸರು ಹುಟ್ಟಿಕೊಂಡಿದ್ದರು. ಫೆರಿಯೇರ್ ಮಠದ ಅಧಿಪತಿ ಲೂಪಸನು ಅಂಥವನು. ಇರುವ ಪ್ರತಿಯನ್ನು ತಿದ್ದಿಕೊಳ್ಳಲು ಇನ್ನೊಂದು ಪ್ರತಿ ಬೇಕೆಂದು ಐನ್‌ಹಾರ್ಡನಿಗೂ ದೂರದ ಯಾರ್ಕಿಗೂ ಪತ್ರ ಬರೆಯುತ್ತಾನೆ. ಸಿಸರೋವಿನ ವಾಗ್ಮಿತಾಶಾಸ್ತ್ರವನ್ನು ಕಳುಹಿಸಿರೆಂದು ಪೋಪನನ್ನೇ ಬೇಡುತ್ತಾನೆ. ಮತ್ತೊಬ್ಬರು ತನ್ನಲ್ಲಿದ್ದ ಬೀಡನ ಸಂಕಲನವೊಂದನ್ನು ಕೇಳಿದಾಗ, ಅದನ್ನು ಕಳುಹಿಸಲು ಅಂಜುತ್ತೇನೆ, ಅದು ಎದೆಯಲ್ಲಿ ಬಚ್ಚಿಡಲೂ ಚೀಲದಲ್ಲಿ ಅಡಗಿಸಲೂ ಆಗದಷ್ಟು ದೊಡ್ಡದು, ಅದರ ಅಂದವನ್ನು ಕಂಡು ದಾರಿಗಳ್ಳರು ಆಸೆಪಟ್ಟಾರು ಎಂದು ಉತ್ತರ ಬರೆಯುತ್ತಾನೆ. ಕಳ್ಳರ ಭಯವು ಕಲ್ಪನೆಯದಲ್ಲ. 793ರಲ್ಲಿ ಲಿಂಡಿಸ್‌ಫಾರ್ನ್ ಮಠವನ್ನು ಕೊಳ್ಳೆಹೊಡೆದ ಉತ್ತರದ ಕಡಲ್ಗಳ್ಳರು ಅಷ್ಟರಲ್ಲಿ ಗಾಲ್ ದೇಶದ ನದಿಗಳೊಳಕ್ಕೂ ಬಂದಿದ್ದರು.

ಶಾರ್ಲಮೇನನು 814ರ ಜನವರಿಯಲ್ಲಿ ತೀರಿಕೊಂಡನು. ಮಗನಾದ ಲೂಯಿಯ ಬಳಿಕ ಮೊಮ್ಮಕ್ಕಳು ಕಾದಾಡಿ, 841ರಲ್ಲಿ ಫಾಂಟೆನ್ವಾ ಎಂಬಲ್ಲಿ ಫ್ರಾಂಕರು ಫ್ರಾಂಕರನ್ನೇ ಕೊಂದರು. 842ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗಿನಲ್ಲಿ ಇಬ್ಬರು ಸೋದರರು ಮೂರನೆಯವನಿಗೆ ಎದುರಾಗಿ ಒಂದಾಗುವೆವೆಂದು ಪ್ರತಿಜ್ಞೆಮಾಡಿದಾಗ, ಒಬ್ಬನ ಸೈನಿಕರಿಗೆ ತಿಳಿಯಲೆಂದು ಇನ್ನೊಬ್ಬನು ಅವರ ನುಡಿಯಲ್ಲಿಯೇ ಮಾತನಾಡಿದನು: ಜರ್ಮನ್ ಲೂಯಿಯು ಫ್ರೆಂಚಿನ ಪೂರ್ವರೂಪದಲ್ಲಿ, ಬೋಳು ಚಾರ್ಲ್ಸನು ಜರ್ಮನ್ನಿನಲ್ಲಿ. ಫ್ರೆಂಚ್ ಭಾಷೆಯ ಅತಿ ಪ್ರಾಚೀನ ಲೇಖನವೆಂದು ಎಣಿಕೆಯಾಗಿರುವ ಆ ಪ್ರತಿಜ್ಞೆಯನ್ನು ನಾವು ಬಲ್ಲುದು, ಶಾರ್ಲಮೇನನ ಮಗಳ ಮಗನಾದ ನಿಥಾರ್ಡನು ಅದನ್ನು ತನ್ನ ಚರಿತ್ರೆಯಲ್ಲಿ ಯಥಾವತ್ತಾಗಿ ಬರೆದಿಟ್ಟುದರಿಂದ, ಮತ್ತು ಆ ಚರಿತ್ರೆಯನ್ನು ಯಾರೋ ಪ್ರತಿಮಾಡಿ ಉಳಿಸಿದುದರಿಂದ. ಮರುವರ್ಷ ವರ್ಡನ್ನಿನಲ್ಲಿ ರಾಜ್ಯವನ್ನು ಮೂರಾಗಿ ಹರಿದ ಒಪ್ಪಂದದ ಮೂಲಪಾಠವಾದರೋ ಇಂದು ಎಲ್ಲಿಯೂ ಇಲ್ಲ.

ಆ ಒಪ್ಪಂದ ನಡೆದ ಆಸುಪಾಸಿನ ವರ್ಷಗಳಲ್ಲಿಯೇ ಜರ್ಮನಿಯ ಮಠವೊಂದರಲ್ಲಿ ಲಿಪಿಕಾರನೊಬ್ಬನು ಟ್ಯಾಸಿಟಸ್ ಬರೆದ ರೋಮಕ ಚರಿತ್ರೆಯ ಮೊದಲ ಆರು ಸಂಪುಟಗಳನ್ನು ಪ್ರತಿಮಾಡುತ್ತಿದ್ದನು. ಚಕ್ರವರ್ತಿ ಟೈಬೀರಿಯಸ್ಸನ ಆಳಿಕೆಯನ್ನು ವರ್ಣಿಸುವ ಆ ಸಂಪುಟಗಳಲ್ಲಿ ಉಳಿದಿರುವ ಭಾಗಕ್ಕೆ ಜಗತ್ತಿನಲ್ಲಿ ಬೇರೆ ಪ್ರಾಚೀನ ಪ್ರತಿಯಿಲ್ಲ. ಅಂದು ಆ ಕೈ ಬರೆಯದೆ ಹೋಗಿದ್ದರೆ ಇಂದು ನಮಗೆ ಆ ಕೃತಿಯಿಲ್ಲ. ಸೀಸರನ ಯುದ್ಧಕಥನ, ಲುಕ್ರೀಶಿಯಸ್ಸನ ಮಹಾಕಾವ್ಯ, ವಿಟ್ರೂವಿಯಸ್ಸನ ವಾಸ್ತುಶಾಸ್ತ್ರ, ಇವೆಲ್ಲವುಗಳ ಅತ್ಯಂತ ಹಳೆಯ ಪ್ರತಿಗಳೂ ಶಾರ್ಲಮೇನನ ಅಥವಾ ಅವನ ಮಕ್ಕಳು ಮೊಮ್ಮಕ್ಕಳ ಕಾಲದವು. ಅವನು ಕಟ್ಟಿದ ಸಾಮ್ರಾಜ್ಯವು ಅವನ ಪಟ್ಟಾಭಿಷೇಕವಾಗಿ ನಲವತ್ತಮೂರು ವರ್ಷಗಳಲ್ಲಿ ಒಡೆಯಿತು. ಅವನ ಕಾಲದಲ್ಲಿ ಬರೆದ ಗ್ರಂಥಗಳನ್ನು ಸಾವಿರದ ಇನ್ನೂರು ವರ್ಷಗಳಾದ ಮೇಲೆಯೂ ಬಿಡಿಸಿ ಓದಬಹುದು. ಆದಕಾರಣ, ಆ ಯುಗದ ವರ್ಷಗಳಲ್ಲಿ ಒಂದೇ ಒಂದನ್ನು ಆರಿಸೆಂದು ಯಾರಾದರೂ ನನ್ನನ್ನು ಕೇಳಿದರೆ ನಾನು 800ನ್ನು ಹೇಳಲಾರೆ, ಶಾಲೆಗಳ ರಾಜಾಜ್ಞೆ ಹೊರಟ 789ನ್ನು ಹೇಳುತ್ತೇನೆ. ನಮ್ಮ ಮಕ್ಕಳಿಗಾಗಿ ಯೂರೋಪಿನ ಚರಿತ್ರೆಯ ಪಠ್ಯಗಳನ್ನು ಸಿದ್ಧಪಡಿಸುವವರು 476, 732, 800, 843 ಎಂಬ ಸಂಖ್ಯೆಗಳ ನಡುವೆ ಅದಕ್ಕೂ ಒಂದು ಸಾಲಿನ ಸ್ಥಳವನ್ನು ಕೊಡಬೇಕೆಂದು ನನ್ನ ಪ್ರಾರ್ಥನೆ.